ಪುಕ್ಕಟೆ ಗುಳಿಗೆಯ ಹಿಂದೆ ಜಗದ ಮೋರ್ಚಾ: ಕೊಟ್ಟ ಮಾತಿನ ಲೆಕ್ಕ ಕೇಳಿದವರು

ಜತ್ತ: ಸಾಂಗಲಿ ಇರಲಿ, ಸೊಲ್ಲಾಪುರ ಇರಲಿ, ಗಡಿ ದಾಟಿ ವಿಜಯಪುರ, ಬೆಳಗಾವಿ ಇರಲಿ, ಜಿಲ್ಲಾ ಮಟ್ಟದ ಸರಕಾರಿ ದವಾಖಾನೆಯಲ್ಲಿ ಎಆರ್‌ಟಿ ಕೇಂದ್ರ ಇದೆ. ಎಚ್‌ಐವಿ ಸೋಂಕು ಇದ್ದವರಿಗೆ ಅಲ್ಲಿ ಗುಳಿಗೆ ಪುಕ್ಕಟೆ. ಬಹಳ ಮಂದಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ನುಂಗಿದರೆ ಮನುಷ್ಯ ಹೊಲಕ್ಕೆ ಹೋಗ್ತಾನೆ, ದುಡೀತಾನೆ, ಮಕ್ಕಳ ಮದುವಿ ಮಾಡ್ತಾನೆ. ರೋಗ ಪೂರ್ತಿ ಹೋಗುವುದಿಲ್ಲ, ಆದರೆ ರಕ್ತದಲ್ಲಿ ವೈರಸ್ ತಪಾಸಣೆಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಸೋಂಕು ತಗಲುವುದಿಲ್ಲ ಎಂದು ವೈದ್ಯರು ಈಗ ಖಚಿತವಾಗಿ ಹೇಳುತ್ತಾರೆ.

ಈ ಗುಳಿಗೆ ಪುಕ್ಕಟೆ ಆದದ್ದು ಹೇಗೆ? ‘ಸರಕಾರ ಕೊಡ್ತೈತಿ, ನಾವು ತಗೋತೀವಿ’ ಎಂಬುದು ಸಾಮಾನ್ಯ ಉತ್ತರ. ಆದರೆ ಯಾವ ಸರಕಾರವೂ ಇದನ್ನು ತಾನಾಗಿ ಕೊಡಲಿಲ್ಲ. ನ್ಯೂಯಾರ್ಕ್‌ನ ರಸ್ತೆಯಲ್ಲಿ, ದಕ್ಷಿಣ ಆಫ್ರಿಕಾದ ಕೋರ್ಟಿನಲ್ಲಿ, ವಿಶ್ವಸಂಸ್ಥೆಯ ಸಭಾಂಗಣದಲ್ಲಿ, ದಿಲ್ಲಿಯಲ್ಲಿ, ನಮ್ಮದೇ ಸಾಂಗಲಿಯಲ್ಲಿ ಮಂದಿ ಕೇಳಿದರು, ಕೂಗಿದರು, ಜೈಲಿಗೂ ಹೋದರು. ಆಮೇಲೆ ಆಳುವವರು ಮಾತು ಕೊಟ್ಟರು. ಕೊಟ್ಟ ಮಾತಿನ ಲೆಕ್ಕವನ್ನು ಮತ್ತೆ ಮತ್ತೆ ಕೇಳಿದ್ದರಿಂದಲೇ ಗುಳಿಗೆ ನಮ್ಮ ಗಡಿಯವರೆಗೆ ಬಂತು.

2025ರಿಂದ ಈ ಲೆಕ್ಕ ಮತ್ತೆ ಏರುಪೇರಾಗಿದೆ. ಅದಕ್ಕೇ ಹಿಂದಿನ ಕಥೆಯನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಬೇಕಾಗಿದೆ.

ಆಳುವವರು ಬಾಯಿ ಬಿಡದ ಕಾಲ

1981ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ಕಾಯಿಲೆಯ ವರದಿ ಪ್ರಕಟವಾಯಿತು. ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿ ಅದೇ. ಸಾವಿರಾರು ಜನ ಸತ್ತರೂ ಅಲ್ಲಿನ ಸರಕಾರ ವರ್ಷಗಟ್ಟಲೆ ಗಟ್ಟಿಯಾಗಿ ಮಾತಾಡಲಿಲ್ಲ. ‘ಅದು ಕೆಟ್ಟವರಿಗೆ ಬರೋ ರೋಗ’ ಎಂಬ ಧೋರಣೆ ಎಲ್ಲ ಕಡೆ ಇತ್ತು.

1987ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಆಕ್ಟ್ ಅಪ್’ ಎಂಬ ಸಂಘಟನೆ ಹುಟ್ಟಿತು. ಲೇಖಕ ಲ್ಯಾರಿ ಕ್ರೇಮರ್ ಅದಕ್ಕೆ ಮೂಲ ಕಾರಣ. ಸುಮ್ಮನಿದ್ದರೆ ಸಾವು ಎಂಬುದೇ ಅವರ ಘೋಷಣೆ. 1988ರ ಅಕ್ಟೋಬರ್‌ನಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಸರಕಾರಿ ಕಚೇರಿಗೇ ಅವರು ಮುತ್ತಿಗೆ ಹಾಕಿದರು. ರೋಗಿಗಳೇ ಓದಿ, ತಿಳಿದು, ವಿಜ್ಞಾನಿಗಳ ಎದುರು ಕೂತು ವಾದ ಮಾಡಿದ್ದು ವೈದ್ಯಕೀಯ ಇತಿಹಾಸದಲ್ಲಿ ಹೊಸ ಸಂಗತಿ. ಔಷಧಿಗೆ ಬೇಗ ಅನುಮತಿ ಕೊಡುವ ಪದ್ಧತಿ ಬಂದದ್ದರಲ್ಲಿ ಈ ಒತ್ತಡದ ಪಾಲು ದೊಡ್ಡದು. ಅದೇ ವರ್ಷ ಡಿಸೆಂಬರ್ 1ರಂದು ಮೊದಲ ವಿಶ್ವ ಏಡ್ಸ್ ದಿನ ಆಚರಣೆಯಾಯಿತು.

ನಮ್ಮ ದೇಶದಲ್ಲಿ 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ಮೊದಲ ಬಾರಿಗೆ ಎಚ್‌ಐವಿ ಪತ್ತೆ ಮಾಡಿತು. ‘ಇದು ಪರದೇಶದವರ ರೋಗ, ನಮ್ಮ ಸಂಸ್ಕೃತಿಯಲ್ಲಿ ಬರೋದಿಲ್ಲ’ ಎನ್ನುವ ಮಾತು ಆಗ ದೊಡ್ಡವರ ಬಾಯಲ್ಲೂ ಇತ್ತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಸ್ಥಾಪನೆಯಾದದ್ದು 1992ರಲ್ಲಿ. ಅಷ್ಟರಲ್ಲಿ ಆರು ವರ್ಷ ಕಳೆದಿತ್ತು.

ಆಳುವವರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಆಗಲೇ ಉದಾಹರಣೆ ಇತ್ತು. ಥಾಯ್ಲೆಂಡ್‌ನಲ್ಲಿ 1991ರಲ್ಲಿ ಪ್ರಧಾನಿಯೇ ಏಡ್ಸ್ ಸಮಿತಿಯ ಅಧ್ಯಕ್ಷರಾದರು. ಕಾಂಡೋಮ್ ಬಗ್ಗೆ ರೇಡಿಯೋ, ಟಿವಿಯಲ್ಲಿ ಸರಕಾರವೇ ಬಿಚ್ಚುಮಾತಿನಿಂದ ಪ್ರಚಾರ ಮಾಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಹೊಸ ಸೋಂಕು ಗಣನೀಯವಾಗಿ ಇಳಿಯಿತು. ಬ್ರೆಜಿಲ್ 1996ರಲ್ಲಿ ಎಲ್ಲ ರೋಗಿಗಳಿಗೂ ಪುಕ್ಕಟೆ ಔಷಧಿ ಕೊಡುವ ಕಾನೂನು ಮಾಡಿತು.

ಔಷಧಿ ಬಂತು, ಕೈಗೆ ಎಟುಕಲಿಲ್ಲ

1996ರ ಜುಲೈನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ವಿಜ್ಞಾನಿಗಳು ಒಳ್ಳೆಯ ಸುದ್ದಿ ಕೊಟ್ಟರು. ಮೂರು ಔಷಧಿ ಕೂಡಿಸಿ ಕೊಟ್ಟರೆ ಸಾಯುವವರು ಬದುಕುತ್ತಾರೆ ಎಂದು ಸಾಬೀತಾಯಿತು. ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದರು.

ಆದರೆ ಬೆಲೆ? ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರದಿಂದ 15 ಸಾವಿರ ಡಾಲರ್. ಆಗಿನ ದರದಲ್ಲಿ ಮೂರೂವರೆಯಿಂದ ಐದು ಲಕ್ಷ ರೂಪಾಯಿ. ಜತ್ತ ತಾಲೂಕಿನ ಒಣ ಬೇಸಾಯದ ರೈತ ಇದ್ದಬದ್ದ ಹೊಲ ಮಾರಿದರೂ ಎರಡು ವರ್ಷ ಔಷಧಿ ಕೊಳ್ಳುವುದು ಕಷ್ಟವಿತ್ತು. ಆಫ್ರಿಕಾದ ಕೂಲಿಕಾರನ ಪಾಡು ಕೇಳುವುದೇ ಬೇಡ. ಔಷಧಿ ಬಡಗಣ ದೇಶಗಳಲ್ಲಿ, ರೋಗ ತೆಂಕಣ ದೇಶಗಳಲ್ಲಿ ಎಂಬ ಸ್ಥಿತಿ ಬಂತು. ‘ಬಡ ದೇಶಗಳಿಗೆ ಈ ಚಿಕಿತ್ಸೆ ಆಗೋದಲ್ಲ, ಬರೀ ತಡೆಗಟ್ಟುವ ಪ್ರಚಾರ ಮಾಡಿದರೆ ಸಾಕು’ ಎಂದು ತಜ್ಞರೇ ಹೇಳುತ್ತಿದ್ದ ಕಾಲವದು.

ಡರ್ಬನ್‌ನಲ್ಲಿ ತಿರುಗಿದ ಗಾಳಿ

ದಕ್ಷಿಣ ಆಫ್ರಿಕಾದಲ್ಲಿ 1998ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನವೇ, ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಎಂಬ ಸಂಘಟನೆ ಶುರುವಾಯಿತು. ಅದರ ಮುಂದಾಳು ಝಾಕಿ ಅಖ್ಮತ್. ಅವರಿಗೂ ಎಚ್‌ಐವಿ ಇತ್ತು. ಸರಕಾರಿ ದವಾಖಾನೆಯಲ್ಲಿ ಎಲ್ಲರಿಗೂ ಗುಳಿಗೆ ಸಿಗುವತನಕ ತಾನೂ ನುಂಗುವುದಿಲ್ಲ ಎಂದು ಅವರು ಪಣ ತೊಟ್ಟರು.

ಅಲ್ಲಿನ ಅಧ್ಯಕ್ಷರಾಗಿದ್ದ ಥಾಬೊ ಎಂಬೆಕಿ ಅವರು ಏಡ್ಸ್‌ಗೆ ಎಚ್‌ಐವಿಯೇ ಕಾರಣವೋ ಅಲ್ಲವೋ ಎಂಬ ಪ್ರಶ್ನೆ ಎತ್ತಿ ಕೂತಿದ್ದರು. ಆರೋಗ್ಯ ಮಂತ್ರಿ ಬೆಳ್ಳುಳ್ಳಿ, ಲಿಂಬೆ, ಬೀಟ್‌ರೂಟ್ ತಿನ್ನಿರಿ ಎಂದು ಸಲಹೆ ಕೊಡುತ್ತಿದ್ದರು. ಅದೇ ದೇಶದ ಡರ್ಬನ್ ನಗರದಲ್ಲಿ 2000ದ ಜುಲೈನಲ್ಲಿ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನ ಸೇರಿತು. ಬೀದಿಯಲ್ಲಿ ಸಾವಿರಾರು ಮಂದಿಯ ಮೋರ್ಚಾ. ಎಚ್‌ಐವಿಯೇ ಕಾರಣ, ಸಂಶಯ ಬೇಡ ಎಂದು 5 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ವೈದ್ಯರು ಸಹಿ ಹಾಕಿದ ಘೋಷಣೆ ಪ್ರಕಟವಾಯಿತು. ಹುಟ್ಟಿನಿಂದಲೇ ಎಚ್‌ಐವಿ ಇದ್ದ 11 ವರ್ಷದ ಬಾಲಕ ಎನ್ಕೋಸಿ ಜಾನ್ಸನ್ ವೇದಿಕೆಯ ಮೇಲೆ ನಿಂತು, ಗರ್ಭಿಣಿಯರಿಗೆ ಔಷಧಿ ಕೊಡಿ ಎಂದು ಸರಕಾರವನ್ನು ಕೇಳಿದ. ಮುಂದಿನ ವರ್ಷ ಜೂನ್ 1ರಂದು ಆತ ತೀರಿಕೊಂಡ.

ಹುಡುಗ ಕೇಳಿದ್ದನ್ನು ಕೊಡಿಸಿದ್ದು ಕೋರ್ಟು. ತಾಯಿಯಿಂದ ಮಗುವಿಗೆ ಸೋಂಕು ಹೋಗದಂತೆ ತಡೆಯುವ ನೆವಿರಪಿನ್ ಔಷಧಿಯನ್ನು ಸರಕಾರ ಕೊಡಲೇಬೇಕೆಂದು 2002ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ತೀರ್ಪು ನೀಡಿತು. ಎಲ್ಲರಿಗೂ ಚಿಕಿತ್ಸೆ ಕೊಡುವ ಯೋಜನೆಗೆ ಸಂಪುಟ ಒಪ್ಪಿದ್ದು 2003ರ ನವೆಂಬರ್‌ನಲ್ಲಿ. ಅಖ್ಮತ್ ಗುಳಿಗೆ ತೆಗೆದುಕೊಳ್ಳಲು ಶುರು ಮಾಡಿದ್ದೂ ಅದೇ ವರ್ಷ.

ಆಳುವವರ ಹಟಕ್ಕೆ ಎಷ್ಟು ಬೆಲೆ ತೆತ್ತರು ಎಂಬುದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು. 2000ದಿಂದ 2005ರವರೆಗೆ ಔಷಧಿ ತಡವಾದ್ದರಿಂದ ಸತ್ತವರು 3 ಲಕ್ಷ 30 ಸಾವಿರಕ್ಕೂ ಹೆಚ್ಚು. ರಾಜಕೀಯ ಇಚ್ಛಾಶಕ್ತಿ ಅಂದರೆ ಭಾಷಣದ ಮಾತಲ್ಲ, ಅದಕ್ಕೆ ಹೆಣದ ಲೆಕ್ಕವೂ ಇದೆ.

ನೆಲ್ಸನ್ ಮಂಡೇಲಾ ಅವರು ಅಧಿಕಾರ ಬಿಟ್ಟ ಮೇಲೆ ಎಚ್‌ಐವಿ ಇದ್ದವರ ಅಂಗಿ ತೊಟ್ಟು ಅವರ ಪಕ್ಕದಲ್ಲಿ ನಿಂತರು. 2005ರ ಜನವರಿಯಲ್ಲಿ ಮಗ ತೀರಿಕೊಂಡಾಗ, ಕಾರಣ ಏಡ್ಸ್ ಎಂದು ಪತ್ರಕರ್ತರನ್ನು ಕರೆದು ತಾವೇ ಹೇಳಿದರು. ಮನೆಯ ಮಾತನ್ನು ಮುಚ್ಚಿಡುವುದರಿಂದಲೇ ಈ ರೋಗ ಬೆಳೆಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ಮುಂಬಯಿಯ ಕಂಪನಿ ಮುರಿದ ಬೆಲೆ

ಹೋರಾಟದ ಇನ್ನೊಂದು ತುದಿ ಮುಂಬಯಿಯಲ್ಲಿದೆ. 1970ರ ಭಾರತದ ಪೇಟೆಂಟ್ ಕಾನೂನಿನಂತೆ, ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಸಿಗುತ್ತಿತ್ತು, ಔಷಧಿಗೇ ಅಲ್ಲ. ಅಂದರೆ ಬೇರೆ ವಿಧಾನದಿಂದ ಅದೇ ಔಷಧಿಯನ್ನು ನಮ್ಮ ಕಂಪನಿಗಳು ಮಾಡಿ ಮಾರಬಹುದಿತ್ತು. ಈ ಕಾನೂನಿನ ಬಲದ ಮೇಲೆ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದ್ ಅವರು 2001ರ ಫೆಬ್ರುವರಿಯಲ್ಲಿ ಜಗತ್ತೇ ಬೆಚ್ಚುವಂಥ ದರ ಹೇಳಿದರು. ಮೂರು ಔಷಧಿಯ ಚಿಕಿತ್ಸೆಗೆ ವರ್ಷಕ್ಕೆ 350 ಡಾಲರ್. ಗಡಿಗಳಿಲ್ಲದ ವೈದ್ಯರ ಸಂಸ್ಥೆಗೆ ಅವರು ಕೊಟ್ಟ ದರವಿದು.

ಲೆಕ್ಕ ನೋಡಿರಿ. ಹತ್ತು ಸಾವಿರ ಡಾಲರ್ ಎಲ್ಲಿ, 350 ಎಲ್ಲಿ. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ, ಆಗಿನ 45 ರೂಪಾಯಿ ಹತ್ತಿರ. ‘ಇದು ಆಗೋದಲ್ಲ’ ಎನ್ನುತ್ತಿದ್ದವರ ಬಾಯಿ ಅಂದೇ ಕಟ್ಟಿತು.

ಅದೇ ಸಮಯದಲ್ಲಿ 39 ಔಷಧಿ ಕಂಪನಿಗಳು ದಕ್ಷಿಣ ಆಫ್ರಿಕಾ ಸರಕಾರದ ಮೇಲೆ ದಾವೆ ಹೂಡಿದ್ದವು. ಅಗ್ಗದ ಔಷಧಿ ತರಿಸುವ ಕಾನೂನು ರದ್ದಾಗಬೇಕೆಂಬುದು ಅವರ ಬೇಡಿಕೆ. ಜಗತ್ತಿನ ಹಲವು ನಗರಗಳಲ್ಲಿ ಜನ ಬೀದಿಗಿಳಿದರು. 2001ರ ಏಪ್ರಿಲ್ 19ರಂದು ಕಂಪನಿಗಳು ದಾವೆ ವಾಪಸ್ ಪಡೆದವು. ಆ ನವೆಂಬರ್‌ನಲ್ಲಿ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಘಟನೆ, ಜನರ ಆರೋಗ್ಯ ಕಾಪಾಡಲು ಪೇಟೆಂಟ್ ನಿಯಮ ಅಡ್ಡ ಬರಬಾರದು ಎಂದು ಒಪ್ಪಿಕೊಂಡಿತು. 2005ರಲ್ಲಿ ನಮ್ಮ ಪೇಟೆಂಟ್ ಕಾನೂನು ಬದಲಾದರೂ, ಇಂದಿಗೂ ಬಡ ದೇಶಗಳ ಎಚ್‌ಐವಿ ರೋಗಿಗಳು ನುಂಗುವ ಗುಳಿಗೆಗಳಲ್ಲಿ ಬಹುಪಾಲು ಭಾರತದಲ್ಲೇ ತಯಾರಾದವು.

ವಿಶ್ವಸಂಸ್ಥೆಯ ಸಹಿ, ವರ್ಷವರ್ಷದ ತಾಳೆ

ಡರ್ಬನ್‌ಗಿಂತ ಆರು ತಿಂಗಳು ಮೊದಲು, 2000ದ ಜನವರಿಯಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಏಡ್ಸ್ ಬಗ್ಗೆ ಚರ್ಚೆ ಮಾಡಿತು. ಯುದ್ಧ, ಗಡಿ ತಂಟೆ ಬಿಟ್ಟು ಒಂದು ರೋಗದ ಬಗ್ಗೆ ಆ ಮಂಡಳಿ ಕೂತದ್ದು ಅದೇ ಮೊದಲು. 2001ರ ಜೂನ್ 25ರಿಂದ 27ರವರೆಗೆ ಮಹಾಸಭೆಯ ವಿಶೇಷ ಅಧಿವೇಶನ ಸೇರಿ, ಎಲ್ಲ ದೇಶಗಳೂ ಬದ್ಧತೆಯ ಘೋಷಣೆಗೆ ಒಪ್ಪಿದವು. ವರ್ಷಕ್ಕೆ 7ರಿಂದ 10 ಬಿಲಿಯನ್ ಡಾಲರ್ ಬೇಕು ಎಂದು ಆಗಿನ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಕರೆ ಕೊಟ್ಟಿದ್ದರು. ಒಂದು ಬಿಲಿಯನ್ ಅಂದರೆ ನೂರು ಕೋಟಿ. 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾಗಳ ಸಲುವಾಗಿ ‘ಗ್ಲೋಬಲ್ ಫಂಡ್’ ಆರಂಭವಾಯಿತು. 2003ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಐದು ವರ್ಷಕ್ಕೆ 15 ಬಿಲಿಯನ್ ಡಾಲರಿನ ‘ಪೆಪ್‌ಫಾರ್’ ಯೋಜನೆ ಸಾರಿದರು.

ಸಹಿ ಹಾಕುವುದು ಸುಲಭ. ಚುನಾವಣೆ ಪ್ರಣಾಳಿಕೆ ನೋಡಿದ ನಮಗೆ ಅದನ್ನು ಬೇರೆ ಹೇಳಬೇಕಿಲ್ಲ. ಅದಕ್ಕೇ ವಿಶ್ವ ಏಡ್ಸ್ ಅಭಿಯಾನದವರು 2005ರಿಂದ 2010ರವರೆಗೆ ಡಿಸೆಂಬರ್ 1ಕ್ಕೆ ಒಂದೇ ಘೋಷಣೆ ಹಿಡಿದರು: ಏಡ್ಸ್ ತಡೆಯಿರಿ, ಕೊಟ್ಟ ಮಾತು ಉಳಿಸಿಕೊಳ್ಳಿರಿ. ಯಾರು ಏನು ಮಾತು ಕೊಟ್ಟರು, ಏನಾಯಿತು ಎಂದು ತಾಳೆ ನೋಡುವುದೇ ಅದರ ಉದ್ದೇಶ. ಆ ತಾಳೆ ಪಟ್ಟಿಯನ್ನು ನಾವೂ ಒಮ್ಮೆ ನೋಡೋಣ.

2003ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾತು: 2005ರೊಳಗೆ ಬಡ ದೇಶಗಳ 30 ಲಕ್ಷ ಜನರಿಗೆ ಚಿಕಿತ್ಸೆ. ಆಗಿದ್ದು ಸುಮಾರು 13 ಲಕ್ಷ. ಮಾತು ತಪ್ಪಿತು, 30 ಲಕ್ಷ ಮುಟ್ಟಿದ್ದು 2007ಕ್ಕೆ.

2005ರಲ್ಲಿ ಜಿ-8 ದೇಶಗಳು, 2006ರಲ್ಲಿ ವಿಶ್ವಸಂಸ್ಥೆ ಕೊಟ್ಟ ಮಾತು: 2010ರ ಹೊತ್ತಿಗೆ ಬೇಕಾದವರಿಗೆಲ್ಲ ಚಿಕಿತ್ಸೆ. 2010ರ ಕೊನೆಗೆ ಸಿಕ್ಕಿದ್ದು 60 ಲಕ್ಷ ಚಿಲ್ಲರೆ ಮಂದಿಗೆ. ಬೇಕಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರಗುಳಿದರು.

2011ರ ಮಾತು: 2015ರೊಳಗೆ ಒಂದೂವರೆ ಕೋಟಿ ಜನರಿಗೆ ಚಿಕಿತ್ಸೆ. ಇದು ಅವಧಿಗೆ ಮೊದಲೇ, 2015ರ ಮಾರ್ಚ್‌ನಲ್ಲೇ ಮುಟ್ಟಿತು.

2021ರ ಮಾತು: 2025ಕ್ಕೆ 3 ಕೋಟಿ 40 ಲಕ್ಷ. 2024ರ ಕೊನೆಗೆ 3 ಕೋಟಿ 16 ಲಕ್ಷ ಜನ ಗುಳಿಗೆ ಪಡೆಯುತ್ತಿದ್ದರು. ಇನ್ನೂ 92 ಲಕ್ಷ ಜನ ಚಿಕಿತ್ಸೆಯಿಲ್ಲದೆ ಇದ್ದರು.

ಮಾತು ತಪ್ಪಿದಾಗಲೂ ಸಂಖ್ಯೆ ಏರುತ್ತಲೇ ಹೋಗಿದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. 2004ರ ಸುಮಾರಿಗೆ ಏಡ್ಸ್‌ನಿಂದ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2024ರಲ್ಲಿ ಅದು 6 ಲಕ್ಷ 30 ಸಾವಿರಕ್ಕೆ ಇಳಿದಿತ್ತು. ದೊಡ್ಡ ಗುರಿ ಇಟ್ಟು, ಅದನ್ನು ವರ್ಷವರ್ಷ ಕೇಳಿದ್ದರ ಫಲವಿದು.

ದಿಲ್ಲಿಗೆ ಮುಟ್ಟಿದ ಬಿಸಿ

ಭಾರತದ ಸಂಸತ್ತಿನಲ್ಲಿ ಪಕ್ಷ ಮರೆತು ಏಡ್ಸ್ ವಿಷಯದಲ್ಲಿ ಕೂಡಿದ ವೇದಿಕೆಯೊಂದಿತ್ತು. ಅದರ ಸಂಚಾಲಕರು ಕನ್ನಡಿಗರೇ, ಉಡುಪಿಯ ಆಸ್ಕರ್ ಫರ್ನಾಂಡಿಸ್. 2003ರ ಜುಲೈನಲ್ಲಿ ದಿಲ್ಲಿಯಲ್ಲಿ ಈ ವೇದಿಕೆ ರಾಷ್ಟ್ರೀಯ ಸಮಾವೇಶ ನಡೆಸಿ, ಸಂಸದರಿಂದ ಹಿಡಿದು ಸ್ಥಳೀಯ ಸಂಸ್ಥೆಗಳವರೆಗಿನ ಚುನಾಯಿತ ಪ್ರತಿನಿಧಿಗಳನ್ನು ಸೇರಿಸಿತು. ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರೂ ಅಲ್ಲಿ ಮಾತಾಡಿದರು. ನವೆಂಬರ್ ಕೊನೆಗೆ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಪುಕ್ಕಟೆ ಚಿಕಿತ್ಸೆಯ ಯೋಜನೆ ಪ್ರಕಟಿಸಿದರು. 2004ರ ಏಪ್ರಿಲ್ 1ರಂದು ದೇಶದ ಎಂಟು ದೊಡ್ಡ ಆಸ್ಪತ್ರೆಗಳಲ್ಲಿ ಗುಳಿಗೆ ಕೊಡುವುದು ಶುರುವಾಯಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇದ್ದವು. 2005ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಏಡ್ಸ್ ಮಂಡಳಿ ರಚನೆಯಾಯಿತು.

ಅಂದು ಎಂಟು ಆಸ್ಪತ್ರೆಯಿಂದ ಶುರುವಾದ ಕೆಲಸ ಇಂದು ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರನ್ನು ಮುಟ್ಟಿದೆ. 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಐದನೇ ಹಂತದ ಕಾರ್ಯಕ್ರಮಕ್ಕೆ ಕೇಂದ್ರ ಸರಕಾರ ಇಟ್ಟ ರೊಕ್ಕ 15,471.94 ಕೋಟಿ ರೂಪಾಯಿ. ಪರದೇಶದ ದಾನದ ಮೇಲೆ ನಿಂತಿದ್ದ ಕಾರ್ಯಕ್ರಮ ನಮ್ಮ ಸ್ವಂತ ಬಜೆಟ್ಟಿನ ಮೇಲೆ ನಿಂತಿತು. ಇದು ಎಷ್ಟು ದೊಡ್ಡ ಮಾತು ಎಂಬುದು ಮುಂದೆ ಗೊತ್ತಾಗುತ್ತದೆ.

ಸಾಂಗಲಿ ಬೇಡ ಎಂದ ರೊಕ್ಕ

ಇನ್ನು ನಮ್ಮ ಜಿಲ್ಲೆಗೆ ಬರೋಣ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಗಡಿ ಪಟ್ಟಿ ದೇಶದಲ್ಲೇ ಸೋಂಕು ಹೆಚ್ಚಿದ್ದ ಪ್ರದೇಶಗಳಲ್ಲಿ ಒಂದು. ಬಾಗಲಕೋಟ ಜಿಲ್ಲೆಯಲ್ಲಿ ಆ ದಶಕದ ಆರಂಭದಲ್ಲಿ ನಡೆದ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಕಂಡಿತ್ತು. ದುಡಿಯಲು ಮುಂಬಯಿ, ಪುಣೆಗೆ ಹೋಗಿ ಬರುವ ಗಂಡಸರು, ಹೆದ್ದಾರಿಯ ಲಾರಿಗಳು, ದೇವದಾಸಿ ಪದ್ಧತಿಗೆ ಸಿಕ್ಕಿ ಗಡಿ ದಾಟಿ ಬಂದ ನಮ್ಮ ಭಾಷೆಯ ಹೆಣ್ಣುಮಕ್ಕಳು, ಹೀಗೆ ಕಾರಣ ಹಲವು.

ಸಾಂಗಲಿಯಲ್ಲಿ 1992ರಿಂದ ‘ಸಂಗ್ರಾಮ’ ಸಂಸ್ಥೆ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಕೆಲಸ ಮಾಡುತ್ತ ಬಂದಿದೆ. ಮೀನಾ ಸರಸ್ವತಿ ಶೇಷು ಅದರ ಸ್ಥಾಪಕರಲ್ಲೊಬ್ಬರು. ಆ ಮಹಿಳೆಯರೇ ಕೂಡಿ 1996ರಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್’ ಕಟ್ಟಿಕೊಂಡರು. ಇವರಲ್ಲಿ ಕನ್ನಡ ಮನೆಮಾತಿನವರು ಬಹಳ. ಪೊಲೀಸರ ಹೊಡೆತ, ಗೂಂಡಾಗಳ ಕಾಟ ನಿಲ್ಲದೆ ‘ಕಾಂಡೋಮ್ ಬಳಸಿ’ ಎಂದು ಹೇಳಿದರೆ ಪ್ರಯೋಜನವಿಲ್ಲ ಎಂಬುದು ಅವರ ವಾದ. ಈ ವಾದವನ್ನು ಮುಂದೆ ಜಗತ್ತಿನ ದೊಡ್ಡ ಸಂಸ್ಥೆಗಳೂ ಒಪ್ಪಿದವು.

ಅಮೆರಿಕದ 2003ರ ಏಡ್ಸ್ ಕಾನೂನಿನಲ್ಲಿ ಒಂದು ಷರತ್ತಿತ್ತು. ರೊಕ್ಕ ಪಡೆಯುವ ಸಂಸ್ಥೆ ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇವೆ ಎಂದು ಬರೆದುಕೊಡಬೇಕು. ಬರೆದುಕೊಟ್ಟರೆ ಯಾರ ನಡುವೆ ಕೆಲಸ ಮಾಡಬೇಕೋ ಅವರನ್ನೇ ಅವಮಾನಿಸಿದಂತೆ ಎಂದು 2005ರಲ್ಲಿ ಸಂಗ್ರಾಮ ಆ ರೊಕ್ಕ ಬೇಡ ಅಂತು. ಅದೇ ವರ್ಷ ಬ್ರೆಜಿಲ್ ದೇಶವೂ ಇದೇ ಕಾರಣಕ್ಕೆ ಸುಮಾರು 4 ಕೋಟಿ ಡಾಲರ್ ನಿರಾಕರಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತನ್ನ ದೇಶದ ಸಂಸ್ಥೆಗಳ ಮಟ್ಟಿಗೆ ಈ ಷರತ್ತು ರದ್ದು ಮಾಡಿತು. ಆದರೆ ಪರದೇಶದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ ಎಂದು 2020ರಲ್ಲಿ ಹೇಳಿತು.

ಬದ್ಧತೆ ಅಂದರೆ ಬರೀ ರೊಕ್ಕದ ಮೊತ್ತವಲ್ಲ, ಆ ರೊಕ್ಕ ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದೂ ಮುಖ್ಯ ಎಂದು ಜಗತ್ತಿಗೆ ತೋರಿಸಿದ್ದರಲ್ಲಿ ನಮ್ಮ ಸಾಂಗಲಿಯ ಪಾಲೂ ಇದೆ.

2022ರ ಧರಣಿ, 2025ರ ಹೊಡೆತ

ಒಮ್ಮೆ ಸಿಕ್ಕದ್ದು ಎಂದೂ ಸಿಗುತ್ತದೆ ಎಂದು ತಿಳಿದರೆ ತಪ್ಪು. 2022ರ ಜುಲೈನಲ್ಲಿ ಕೆಲವು ಕಡೆ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಕೊರತೆಯಾದಾಗ, ಎಚ್‌ಐವಿಯೊಂದಿಗೆ ಬದುಕುವವರು ದಿಲ್ಲಿಯ ನ್ಯಾಕೋ ಕಚೇರಿಯಲ್ಲಿ ಒಂದು ತಿಂಗಳಿಗೂ ಮಿಕ್ಕಿ ಧರಣಿ ಕೂತರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಈ ಗುಳಿಗೆ ಜ್ವರದ ಗುಳಿಗೆಯಂತಲ್ಲ. ನಡುನಡುವೆ ತಪ್ಪಿದರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ಅದಕ್ಕೇ ಒಂದು ವಾರದ ಕೊರತೆಯೂ ಜೀವದ ಪ್ರಶ್ನೆ.

2025ರ ಜನವರಿಯಲ್ಲಿ ಅಮೆರಿಕದ ಹೊಸ ಸರಕಾರ ಪರದೇಶಗಳಿಗೆ ಕೊಡುವ ನೆರವನ್ನು ಏಕಾಏಕಿ ತಡೆಹಿಡಿಯಿತು. ಎರಡು ದಶಕದಲ್ಲಿ ಎರಡೂವರೆ ಕೋಟಿ ಜೀವ ಉಳಿಸಿದೆ ಎನ್ನಲಾಗುವ ಪೆಪ್‌ಫಾರ್ ಯೋಜನೆಗೂ ಅದರ ಏಟು ಬಿತ್ತು. ಆಫ್ರಿಕಾದ ಹಲವು ದೇಶಗಳಲ್ಲಿ ಕ್ಲಿನಿಕ್‌ಗಳ ಬಾಗಿಲು ಮುಚ್ಚಿದವು, ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಅಮೆರಿಕದ ನೆರವು ಪೂರ್ತಿ ನಿಂತು, ಬೇರೆ ದಾರಿ ಆಗದಿದ್ದರೆ 2029ರೊಳಗೆ 60 ಲಕ್ಷ ಹೆಚ್ಚುವರಿ ಸೋಂಕು, 40 ಲಕ್ಷ ಹೆಚ್ಚುವರಿ ಸಾವು ಆದೀತೆಂದು ವಿಶ್ವಸಂಸ್ಥೆಯ ಏಡ್ಸ್ ಸಂಸ್ಥೆ ಎಚ್ಚರಿಸಿತು. 2025ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಗ್ಲೋಬಲ್ ಫಂಡ್ ಕೇಳಿದ್ದು 18 ಬಿಲಿಯನ್ ಡಾಲರ್, ದೇಶಗಳು ಕೊಡುತ್ತೇವೆ ಎಂದದ್ದು 11.34 ಬಿಲಿಯನ್.

ಈ ಹೊಡೆತ ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಒಂದು ಕಾಲಕ್ಕೆ ಬೀಟ್‌ರೂಟ್ ತಿನ್ನಿ ಎನ್ನುತ್ತಿದ್ದ ದಕ್ಷಿಣ ಆಫ್ರಿಕಾದ ಏಡ್ಸ್ ಖರ್ಚಿನಲ್ಲಿ ಅಮೆರಿಕದ ಪಾಲು ಶೇಕಡಾ 17ರಷ್ಟಿತ್ತು. ಉಳಿದದ್ದರಲ್ಲಿ ಬಹುಪಾಲು ಅದರ ಸ್ವಂತ ಬೊಕ್ಕಸದ್ದು. ಅಲ್ಲಿನ ಜನ ತಮ್ಮ ಸರಕಾರದಿಂದ ಹಟ ಹಿಡಿದು ಪಡೆದದ್ದು ಸಂಕಟಕಾಲದಲ್ಲಿ ಆಸರೆಯಾಯಿತು. ಭಾರತದ ಮಾತೂ ಹಾಗೇ. ಬರೀ ದಾನದ ಮೇಲೆ ನಿಂತ ದೇಶಗಳು ತತ್ತರಿಸಿದವು.

ಇದರ ನಡುವೆ ಒಂದು ಒಳ್ಳೆಯ ಸುದ್ದಿಯೂ ಇದೆ. ವರ್ಷಕ್ಕೆ ಎರಡೇ ಸಲ ಚುಚ್ಚಿದರೆ ಸೋಂಕು ತಗಲದಂತೆ ತಡೆಯುವ ಲೆನಕಾಪವಿರ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ವರ್ಷಕ್ಕೆ ಅದರ ಬೆಲೆ 28 ಸಾವಿರ ಡಾಲರಿಗೂ ಮೇಲೆ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೋ ಕಂಪನಿಗಳು ಇದನ್ನೇ 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿನಲ್ಲಿ ಕೊಡುವ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. 2001ರ ಸಿಪ್ಲಾ ಕಥೆಯೇ ಇನ್ನೊಮ್ಮೆ. ಆದರೆ ಕೊಳ್ಳಲು ಸರಕಾರಗಳು ಮುಂದೆ ಬಂದರೆ ಮಾತ್ರ ಅದು ಜನರ ತೋಳಿಗೆ ಮುಟ್ಟುತ್ತದೆ.

ನಮ್ಮ ಆಮದಾರರಿಗೆ ಕೇಳುವ ಮಾತು

ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುವವರು ಸುಮಾರು 25 ಲಕ್ಷ. ಸಂಖ್ಯೆಯಲ್ಲಿ ಮೊದಲ ಮೂರು ರಾಜ್ಯಗಳು ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕ. ನಾವು ಗಡಿ ಕನ್ನಡಿಗರು ಇರುವುದು ಸರಿಯಾಗಿ ಈ ರಾಜ್ಯಗಳ ಅಂಚಿನಲ್ಲೇ. ಆದರೂ ನೀರು, ರಸ್ತೆ, ಶಾಲೆ, ಗಡಿ ತಂಟೆ ಬಗ್ಗೆ ಆಮದಾರ, ಖಾಸದಾರರನ್ನು ಕೇಳುವ ನಾವು ಈ ವಿಷಯ ಎತ್ತುವುದಿಲ್ಲ. ‘ಅದನ್ನ ಮಂದಿ ಮುಂದ ಹ್ಯಾಂಗ ಕೇಳೋದು’ ಎಂಬ ನಾಚಿಕೆ.

ಕೇಳಬೇಕಾದ್ದು ಕಷ್ಟದ್ದೇನಲ್ಲ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ತಿಂಗಳುಗಟ್ಟಲೆ ಊರು ಬಿಡುವವರಿಗೆ ಒಂದೇ ಸಲಕ್ಕೆ ಎರಡು ಮೂರು ತಿಂಗಳ ಗುಳಿಗೆ ಸಿಗುತ್ತದೆಯೇ? ಒಂದು ಕೇಂದ್ರದಿಂದ ಇನ್ನೊಂದಕ್ಕೆ, ಬೇರೆ ರಾಜ್ಯಕ್ಕೂ, ಹೆಸರು ವರ್ಗಾಯಿಸುವ ಪದ್ಧತಿ ಇದೆ. ಜತ್ತದಿಂದ ವಿಜಯಪುರಕ್ಕೆ, ಅಕ್ಕಲಕೋಟದಿಂದ ಕಲಬುರ್ಗಿಗೆ ಹೋಗುವವರಿಗೆ ಅದು ಅಲೆದಾಟವಿಲ್ಲದೆ ಆಗುತ್ತದೆಯೇ? ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಗುಳಿಗೆ ನುಂಗುವ ಕ್ರಮವನ್ನು ಕನ್ನಡದಲ್ಲಿ ತಿಳಿಸುವವರು ಇದ್ದಾರೆಯೇ? ತಿಳಿವಳಿಕೆ ಪತ್ರಕ ಮರಾಠಿಯ ಜೊತೆಗೆ ಕನ್ನಡದಲ್ಲೂ ಬರುತ್ತದೆಯೇ? ಪ್ರತಿ ಗರ್ಭಿಣಿಯ ತಪಾಸಣೆ ಆಗುತ್ತದೆಯೇ? ಇವು ಗ್ರಾಮಸಭೆಯಲ್ಲೂ, ಜಿಲ್ಲಾ ಪರಿಷತ್ತಿನಲ್ಲೂ ಕೇಳಬಹುದಾದ ಪ್ರಶ್ನೆಗಳು. ಯಾರ ಹೆಸರೂ ಹೇಳಬೇಕಿಲ್ಲ.

ಬೆನ್ನಿಗೆ ಕಾನೂನೂ ಇದೆ. 2017ರಲ್ಲಿ ಸಂಸತ್ತು ಒಪ್ಪಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ದವಾಖಾನೆಯಲ್ಲಿ ಚಿಕಿತ್ಸೆ ಕೊಡದಿರುವುದು, ಕೆಲಸದಿಂದ ಅನ್ಯಾಯವಾಗಿ ತೆಗೆಯುವುದು ಕಾನೂನುಬಾಹಿರ. ಹೆಣ್ಣುಮಗಳನ್ನು, ಮಕ್ಕಳನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಒಪ್ಪಿಗೆಯಿಲ್ಲದೆ ತಪಾಸಣೆ ಮಾಡುವಂತಿಲ್ಲ, ಯಾರಿಗೆ ಸೋಂಕಿದೆ ಎಂದು ಬಹಿರಂಗ ಮಾಡುವಂತಿಲ್ಲ. ಇಂಥವರ ವಿರುದ್ಧ ದ್ವೇಷ ಹಬ್ಬಿಸಿದರೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡದ ಶಿಕ್ಷೆ ಇದೆ. ದೂರು ಕೇಳಲು ಪ್ರತಿ ರಾಜ್ಯದಲ್ಲೂ ಲೋಕಪಾಲರನ್ನು ನೇಮಿಸಬೇಕು ಎಂದೂ ಕಾಯ್ದೆ ಹೇಳುತ್ತದೆ.

ಆದರೆ ಈ ಕಾಯ್ದೆಯಲ್ಲಿ ಒಂದು ಸಣ್ಣ ಪದ ನುಸುಳಿದೆ. ಚಿಕಿತ್ಸೆಯನ್ನು ಸರಕಾರ ‘ಸಾಧ್ಯವಾದಷ್ಟು ಮಟ್ಟಿಗೆ’ ಕೊಡಬೇಕು ಎಂದಿದೆ. ಎಚ್‌ಐವಿ ಸಂಘಟನೆಗಳು ಈ ಪದಕ್ಕೆ ಆಗಲೇ ಆಕ್ಷೇಪಣೆ ಎತ್ತಿದ್ದವು. ರೊಕ್ಕವಿದ್ದಾಗ ಎಲ್ಲವೂ ಸಾಧ್ಯ, ರೊಕ್ಕ ಕಡಿಮೆಯಾದಾಗ ‘ಸಾಧ್ಯವಾದಷ್ಟು’ ಎಂಬುದು ಎಷ್ಟು? ಅದನ್ನು ಕಾನೂನಿನ ಪುಸ್ತಕ ಹೇಳುವುದಿಲ್ಲ. ಕೇಳುವ ಮಂದಿ ಎಷ್ಟಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ತಪಾಸಣೆ, ಚಿಕಿತ್ಸೆ, ಕಾನೂನು ಯಾವುದರ ಬಗ್ಗೆಯೇ ಆಗಲಿ, 1097 ಸಂಖ್ಯೆಗೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ. ಕರೆಗೆ ರೊಕ್ಕ ಹತ್ತುವುದಿಲ್ಲ, ಹೆಸರು ಗುಪ್ತವಾಗಿರುತ್ತದೆ. ಮುಂದಿನ ಚುನಾವಣೆಯಲ್ಲಿ ಕೈಮುಗಿದು ಬಾಗಿಲಿಗೆ ಬರುವವರನ್ನು ಒಂದು ಮಾತು ಕೇಳಿ ನೋಡಿರಿ: ‘ಸಾಹೇಬ್ರ, ಎಆರ್‌ಟಿ ಗುಳಗಿ ಒಂದು ದಿನಾನೂ ನಿಲ್ಲೂದಿಲ್ಲ ಅಂತ ಮಾತು ಕೊಡ್ತೀರೇನು?’ ಕೊಟ್ಟರೆ ಬರೆದಿಟ್ಟುಕೊಳ್ಳಿರಿ. ಐದು ವರ್ಷಕ್ಕೆ ಲೆಕ್ಕ ಕೇಳಲು ಬೇಕಾಗುತ್ತದೆ.